ತಪ್ಪು ಹೇಳುವ ಬಾಯಿ, ಕೇಳುವ ಕಿವಿ: ವಿಮಾನಯಾನ ತಪ್ಪುಗಳಿಂದ ಕಲಿತ ಬಗೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಯಾಣಿಕ ವಿಮಾನಗಳು ಇಂದು ಇಷ್ಟು ಸುರಕ್ಷಿತವಾಗಿರುವುದಕ್ಕೆ ಒಳ್ಳೆಯ ಎಂಜಿನ್‌ಗಳು, ನುರಿತ ಪೈಲಟ್‌ಗಳು ಕಾರಣ ಎಂದು ನಾವು ಭಾವಿಸುತ್ತೇವೆ. ಅದು ಅರ್ಧ ಸತ್ಯ. ತನ್ನ ತಪ್ಪನ್ನು ತಾನೇ ಹುಡುಕುವುದು, ಬರೆದಿಡುವುದು, ಪ್ರತಿಸ್ಪರ್ಧಿ ಕಂಪನಿಗೂ ತಿಳಿಸುವುದು, ಹಿರಿಯ ತಪ್ಪಿದಾಗ ಕಿರಿಯ ಬಾಯಿಬಿಟ್ಟು ಹೇಳುವುದು ಉಳಿದರ್ಧ. ಈ ಅಭ್ಯಾಸಗಳಿಗೆ ವಿಮಾನಯಾನ ಪ್ರಾಣಗಳ ಬೆಲೆ ತೆತ್ತಿದೆ. ಆದ್ದರಿಂದಲೇ ಅವುಗಳ ಬಗ್ಗೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಿದ್ದೇನೆ.

ತಪ್ಪಿನಿಂದ ಕಲಿಯುವುದು ಎಲ್ಲ ಕ್ಷೇತ್ರಗಳಲ್ಲೂ ಇದೆ. ವಿಮಾನಯಾನದಲ್ಲಿ ಏನು ವಿಶೇಷ?

ಇಲ್ಲಿ ತಪ್ಪನ್ನು ಮುಚ್ಚಿಡುವುದು ಕಷ್ಟ. ಕಚೇರಿಯಲ್ಲಿ ತಪ್ಪಾದರೆ ಕಡತ ಸರಿಯುತ್ತದೆ, ಆಸ್ಪತ್ರೆಯಲ್ಲಿ ತಪ್ಪಾದರೆ ರೋಗಿಯ ಸ್ಥಿತಿ ಮೊದಲೇ ಗಂಭೀರವಾಗಿತ್ತು ಎಂದು ಹೇಳಿಬಿಡಬಹುದು. ವಿಮಾನ ಬಿದ್ದರೆ ಜಗತ್ತಿಗೇ ಕಾಣುತ್ತದೆ, ಜೊತೆಗೆ ತಪ್ಪು ಮಾಡಿದ ಪೈಲಟ್ ಸಹ ಅದರಲ್ಲೇ ಕುಳಿತಿರುತ್ತಾನೆ. ಹೀಗಾಗಿ ಸತ್ಯ ತಿಳಿದುಕೊಳ್ಳುವ ಆಸಕ್ತಿ ಎಲ್ಲರಿಗೂ ಸಮಾನವಾಗಿ ಇರುತ್ತದೆ. ಇದರ ಫಲವೂ ಕಣ್ಣೆದುರಿಗಿದೆ. 2017ರಲ್ಲಿ ಇಡೀ ಜಗತ್ತಿನಲ್ಲಿ ಒಂದೇ ಒಂದು ಪ್ರಯಾಣಿಕ ಜೆಟ್ ವಿಮಾನವೂ ಅಪಘಾತಕ್ಕೀಡಾಗಿ ಪ್ರಯಾಣಿಕರು ಸಾಯಲಿಲ್ಲ. ಆ ಮಟ್ಟ ಪ್ರತಿ ವರ್ಷವೂ ಉಳಿಯುವುದಿಲ್ಲ ಎಂಬುದೂ ನಿಜ.

ಈ ಪದ್ಧತಿ ಎಲ್ಲಿಂದ ಆರಂಭವಾಯಿತು?

ಒಂದೇ ಆರಂಭ ಹೇಳುವುದು ಕಷ್ಟ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ಪ್ರಕರಣ ಬ್ರಿಟನ್ನಿನ ಕಾಮೆಟ್ ವಿಮಾನದ್ದು. ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ಅದು, 1952ರಲ್ಲಿ ಸೇವೆಗೆ ಬಂತು. 1954ರ ಜನವರಿ 10ರಂದು ಒಂದು ಕಾಮೆಟ್ ಇಟಲಿಯ ಎಲ್ಬಾ ದ್ವೀಪದ ಬಳಿ ಆಕಾಶದಲ್ಲೇ ಚೂರಾಗಿ ಸಮುದ್ರಕ್ಕೆ ಬಿತ್ತು. 35 ಜನ ಸತ್ತರು. ಉಳಿದ ಕಾಮೆಟ್‌ಗಳ ಹಾರಾಟ ನಿಲ್ಲಿಸಿ ತಜ್ಞರು ಕಾರಣ ಊಹಿಸಿದರು. ಬೆಂಕಿ ಹತ್ತಿರಬಹುದು ಎಂಬುದು ಮುಖ್ಯ ಅನುಮಾನವಾಗಿತ್ತು. ತೋಚಿದ ಕಡೆಯಲ್ಲೆಲ್ಲ ಮಾರ್ಪಾಡು ಮಾಡಿ ಮಾರ್ಚ್ 23ರಂದು ವಿಮಾನಗಳನ್ನು ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ನೇಪಲ್ಸ್ ಸಮೀಪ ಇನ್ನೊಂದು ಕಾಮೆಟ್ ಅದೇ ರೀತಿ ಚೂರಾಯಿತು, 21 ಜನ ಹೋದರು.

ಎಲ್ಲಿ ಎಡವಿದರು ನೋಡಿ. ಊಹೆ ಮಾಡಿದ್ದರಲ್ಲಿ ತಪ್ಪಿರಲಿಲ್ಲ, ಅದನ್ನು ಪರೀಕ್ಷೆಗೆ ಒಡ್ಡದೆ ನಂಬಿದ್ದು ತಪ್ಪಾಯಿತು. ಎರಡನೆಯ ಅಪಘಾತದ ನಂತರ ಫಾರ್ನ್‌ಬರೋದ ಸಂಶೋಧನಾ ಕೇಂದ್ರದಲ್ಲಿ ಸರ್ ಆರ್ನಾಲ್ಡ್ ಹಾಲ್ ಅವರ ತಂಡ ಒಂದು ಇಡೀ ಕಾಮೆಟ್‌ನ ಒಡಲನ್ನು ದೊಡ್ಡ ನೀರಿನ ತೊಟ್ಟಿಯೊಳಗೆ ಇರಿಸಿತು. ಒಳಗೆ ನೀರು ತುಂಬಿ ಒತ್ತಡ ಏರಿಸುವುದು, ಇಳಿಸುವುದು. ಪ್ರತಿ ಸಲವೂ ಒಂದು ಹಾರಾಟಕ್ಕೆ ಸಮ. ಗಾಳಿ ತುಂಬಿದ್ದರೆ ಒಡೆದಾಗ ಬಾಂಬಿನಂತೆ ಸಿಡಿದು ಸಾಕ್ಷ್ಯವೆಲ್ಲ ಚದುರುತ್ತಿತ್ತು, ನೀರಾದ್ದರಿಂದ ಬಿರುಕು ಎಲ್ಲಿ ಹುಟ್ಟಿತೋ ಅಲ್ಲೇ ಕಾಣುತ್ತಿತ್ತು. ನಿಜವಾದ ಹಾರಾಟ ಮತ್ತು ತೊಟ್ಟಿಯ ಹಾರಾಟ ಸೇರಿ ಸುಮಾರು ಮೂರು ಸಾವಿರ ಆಗುವಷ್ಟರಲ್ಲಿ ಕಿಟಕಿಯಾಕಾರದ ತೆರಪೊಂದರ ಮೂಲೆಯಿಂದ ಲೋಹ ಸೀಳಿತು. ಒತ್ತಡ ಪದೇ ಪದೇ ಏರಿಳಿದು ಲೋಹ ದಣಿಯುತ್ತದೆ, ಮೂಲೆಗಳಲ್ಲಿ ಲೋಹದ ಮೇಲಿನ ಎಳೆತ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ ಎಂಬುದು ಆಗ ಸ್ಪಷ್ಟವಾಯಿತು. ಸಮುದ್ರದ ತಳದಿಂದ ಎತ್ತಿದ ಎಲ್ಬಾ ವಿಮಾನದ ಚಾವಣಿಯ ತುಂಡಿನಲ್ಲೂ ಅಂಥದೇ ಸೀಳು ಸಿಕ್ಕಿತು.

ವಿಚಾರಣೆಯ ವರದಿಯನ್ನು ಬಹಿರಂಗವಾಗಿ ಪ್ರಕಟಿಸಿದರು. ಕಾಮೆಟ್‌ನ ವ್ಯಾಪಾರ ಮತ್ತೆ ಚೇತರಿಸಲಿಲ್ಲ, ಆದರೆ ಅದರ ಪಾಠ ಅಮೆರಿಕದ ಪ್ರತಿಸ್ಪರ್ಧಿಗಳ ವಿಮಾನಗಳಲ್ಲೂ ಸೇರಿಹೋಯಿತು.

ಬ್ಲ್ಯಾಕ್ ಬಾಕ್ಸ್‌ಗೆ ಪೈಲಟ್‌ಗಳೇ ವಿರೋಧ ವ್ಯಕ್ತಪಡಿಸಿದ್ದರಂತೆ, ನಿಜವೇ?

ನಿಜ. ಕಾಕ್‌ಪಿಟ್‌ನ ಮಾತುಕತೆಯನ್ನು ದಾಖಲಿಸುವ ಯಂತ್ರದ ಕಲ್ಪನೆ ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರನ್ ಅವರದು. ಅವರ ತಂದೆ 1934ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಕಾಮೆಟ್ ಅಪಘಾತಗಳ ಚರ್ಚೆಯ ಕಾಲದಲ್ಲಿ ಅವರಿಗೆ ಈ ಯೋಚನೆ ಬಂತು, 1950ರ ದಶಕದಲ್ಲೇ ಮಾದರಿ ಯಂತ್ರವನ್ನೂ ತಯಾರಿಸಿದರು. ಅವರ ದೇಶದ ಪೈಲಟ್‌ಗಳ ಸಂಘ ಇದನ್ನು ಗೂಢಚಾರಿಕೆ ಎಂದು ಬಗೆಯಿತು. ಬ್ರಿಟನ್ನಿನಲ್ಲಿ ಆಸಕ್ತಿ ಮೂಡಿದ ಮೇಲೆ ಕೆಲಸ ಮುಂದುವರಿಯಿತು. ಮುಂದೆ ಆಸ್ಟ್ರೇಲಿಯಾವೇ ಇದನ್ನು ಕಡ್ಡಾಯ ಮಾಡಿದ ಮೊದಲ ದೇಶವಾಯಿತು.

ಪೈಲಟ್‌ಗಳ ಭಯವನ್ನು ಹಗುರವಾಗಿ ಕಾಣಬಾರದು. ದಾಖಲೆಯನ್ನು ಕಲಿಯಲು ಬಳಸುತ್ತಾರೋ ಶಿಕ್ಷಿಸಲು ಬಳಸುತ್ತಾರೋ ಎಂಬ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಅಂದಹಾಗೆ, ಈ ಕಪ್ಪು ಪೆಟ್ಟಿಗೆಯ ಬಣ್ಣ ಕಿತ್ತಳೆ. ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲಿ ಎಂದು ಹಾಗೆ.

ಯಂತ್ರದ ತಪ್ಪು ಸರಿ. ಮನುಷ್ಯರ ತಪ್ಪನ್ನು ಹೇಗೆ ತಿದ್ದುತ್ತಾರೆ?

ಇಡೀ ವಿಷಯದ ತಿರುಳು ಇಲ್ಲಿದೆ. 1977ರ ಮಾರ್ಚ್ 27, ಕ್ಯಾನರಿ ದ್ವೀಪಗಳ ಟೆನೆರಿಫ್. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಹಲವು ವಿಮಾನಗಳನ್ನು ಈ ಸಣ್ಣ ನಿಲ್ದಾಣಕ್ಕೆ ಕಳುಹಿಸಿದ್ದರು. ಮಂಜು ಕವಿದಿತ್ತು. ಡಚ್ ಕಂಪನಿ ಕೆಎಲ್‌ಎಂನ ಬೋಯಿಂಗ್ 747 ಹೊರಡಲು ರನ್‌ವೇಯ ತುದಿಯಲ್ಲಿ ನಿಂತಿತ್ತು, ಪ್ಯಾನ್ ಆ್ಯಮ್ ಕಂಪನಿಯ ಇನ್ನೊಂದು 747 ಅದೇ ರನ್‌ವೇ ಮೇಲೆ ಎದುರಿನಿಂದ ಬರುತ್ತಿತ್ತು. ಕೆಎಲ್‌ಎಂ ಕ್ಯಾಪ್ಟನ್ ಆ ಕಂಪನಿಯ ಅತ್ಯಂತ ಹಿರಿಯ ತರಬೇತುದಾರರಲ್ಲೊಬ್ಬರು, ಕಂಪನಿಯ ಜಾಹೀರಾತಿನಲ್ಲಿ ಅವರ ಚಿತ್ರವೇ ಇರುತ್ತಿತ್ತು. ಅವರು ಎಂಜಿನ್ ವೇಗ ಹೆಚ್ಚಿಸಿದಾಗ, ಇನ್ನೂ ಅನುಮತಿ ಬಂದಿಲ್ಲ ಎಂದು ಸಹ ಪೈಲಟ್ ಒಮ್ಮೆ ತಡೆದರು. ಸ್ವಲ್ಪ ಹೊತ್ತಿನಲ್ಲಿ ಕ್ಯಾಪ್ಟನ್ ಮತ್ತೆ ಹೊರಟರು, ಹೊರಡುವ ಅನುಮತಿ ಆಗಲೂ ಬಂದಿರಲಿಲ್ಲ. ಈ ಸಲ ಸಹ ಪೈಲಟ್ ತಡೆಯಲಿಲ್ಲ. ಆ ಪ್ಯಾನ್ ಆ್ಯಮ್ ವಿಮಾನ ರನ್‌ವೇ ಬಿಟ್ಟು ಸರಿದಿಲ್ಲವೇ ಎಂದು ಹಿಂದೆ ಕುಳಿತಿದ್ದ ಫ್ಲೈಟ್ ಎಂಜಿನಿಯರ್ ಕೇಳಿದರು. ಸರಿದಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದರು. ಎಂಜಿನಿಯರ್ ಸುಮ್ಮನಾದರು. ಕೆಲವೇ ಸೆಕೆಂಡುಗಳಲ್ಲಿ ಎರಡೂ ವಿಮಾನಗಳು ಡಿಕ್ಕಿಯಾದವು. 583 ಜನ ಸತ್ತರು.

ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಕಂಪನಿಯ ವಿಮಾನವೊಂದು ಚಕ್ರದ ದೋಷ ಪರಿಶೀಲಿಸುತ್ತಾ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿತು. ಇಂಧನ ಕಡಿಮೆಯಾಗುತ್ತಿದೆ ಎಂದು ಕಿರಿಯರಿಬ್ಬರೂ ಸೂಚ್ಯವಾಗಿ ಹೇಳುತ್ತಲೇ ಇದ್ದರು, ಕ್ಯಾಪ್ಟನ್ ಗಮನ ಚಕ್ರದ ಮೇಲೇ ಇತ್ತು. ಎಂಜಿನ್‌ಗಳು ಒಂದೊಂದಾಗಿ ನಿಂತವು, 10 ಜನ ಸತ್ತರು. ಅಲ್ಲಿ ಯಾರಿಗೂ ಜ್ಞಾನದ ಕೊರತೆ ಇರಲಿಲ್ಲ. ಬೇಕಾದ ವಿಷಯ ಕಾಕ್‌ಪಿಟ್ ಒಳಗೇ ಇತ್ತು, ನಿರ್ಧಾರ ಮಾಡುವವರ ತಲೆಗೆ ಅದು ತಲುಪಲಿಲ್ಲ.

ಇಂಥ ಅಪಘಾತಗಳ ನಂತರ ನಾಸಾ 1979ರಲ್ಲಿ ಈ ಕುರಿತು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಕಂಪನಿ ಸಿಬ್ಬಂದಿಗೆ ವಿಶೇಷ ತರಬೇತಿ ಆರಂಭಿಸಿತು. ಕಿರಿಯರು ಸ್ಪಷ್ಟವಾಗಿ ಹೇಳುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ಅಲ್ಲಿ ಕಲಿಸುತ್ತಾರೆ. ಈ ತರಬೇತಿ ಇಂದು ಜಗತ್ತಿನಾದ್ಯಂತ ಕಡ್ಡಾಯ.

ಹಿರಿಯರಿಗೆ ಎದುರಾಡುವುದು ನಮ್ಮ ಸಂಸ್ಕೃತಿಗೆ ಒಗ್ಗುತ್ತದೆಯೇ?

ಈ ಪ್ರಶ್ನೆ ಕೇಳುವವರು ಪಶ್ಚಿಮದವರು ಹುಟ್ಟಿನಿಂದಲೇ ಹಿರಿಯರ ತಪ್ಪನ್ನು ಧೈರ್ಯವಾಗಿ ಹೇಳುತ್ತಾರೆ ಎಂದುಕೊಂಡಿರುತ್ತಾರೆ. ಮೇಲಿನ ಎರಡು ಪ್ರಕರಣಗಳಲ್ಲಿ ಸುಮ್ಮನಾದವರು ಡಚ್ಚರು ಮತ್ತು ಅಮೆರಿಕನ್ನರು. ಅಧಿಕಾರದ ಎದುರು ನಾಲಿಗೆ ತಡವರಿಸುವುದು ಮನುಷ್ಯ ಸ್ವಭಾವ, ಅವರಿಗೂ ತರಬೇತಿ ಬೇಕಾಯಿತು. ನಮಗೆ ಮೇಲಧಿಕಾರಿಯ ಮಾತು ಕತ್ತರಿಸುವುದು ಇನ್ನೂ ಸ್ವಲ್ಪ ಕಷ್ಟ ಇರಬಹುದು. ಹಾಗಿದ್ದರೆ ನಮಗೆ ತರಬೇತಿ ಇನ್ನಷ್ಟು ಬೇಕು.

ತರಬೇತಿಯಲ್ಲಿ ನಿಜವಾಗಿ ಏನು ಕಲಿಸುತ್ತಾರೆ?

ಮಾತಿಗೆ ಮೆಟ್ಟಿಲುಗಳನ್ನು ಕಲಿಸುತ್ತಾರೆ. ಮೊದಲು ಕಂಡದ್ದನ್ನು ಹೇಳಬೇಕು: ‘ವೇಗ ಹೆಚ್ಚಿದೆ.’ ಉತ್ತರ ಬಾರದಿದ್ದರೆ ಏನು ಮಾಡಬೇಕೆಂದು ಹೇಳಬೇಕು: ‘ಕ್ಯಾಪ್ಟನ್, ಇಳಿಸುವುದು ಬೇಡ, ಮೇಲೇರೋಣ.’ ಆಗಲೂ ಪ್ರತಿಕ್ರಿಯೆ ಇಲ್ಲದಿದ್ದರೆ ನಿಯಂತ್ರಣವನ್ನು ತಾನೇ ವಹಿಸಿಕೊಳ್ಳಬೇಕು. ‘ಸರ್, ಸ್ವಲ್ಪ ವೇಗ ಜಾಸ್ತಿ ಇದೆಯೇನೋ’ ಎಂಬ ನಯವಾದ ಮಾತು ಊಟದ ಮೇಜಿನಲ್ಲಿ ಚೆಂದ, ರನ್‌ವೇ ಹತ್ತಿರವಾಗುತ್ತಿರುವಾಗ ಅಪಾಯ. ಕ್ಯಾಪ್ಟನ್‌ಗಳಿಗೂ ಪಾಠ ಇದೆ. ಹಾರಾಟಕ್ಕೆ ಮುಂಚೆಯೇ ‘ನಾನು ತಪ್ಪಿದರೆ ಹೇಳಿ’ ಎಂದು ಬಾಯಿಬಿಟ್ಟು ಹೇಳುವುದು ಅದರ ಮೊದಲ ಭಾಗ.

ಇದರಿಂದ ಉಳಿದ ಜೀವಗಳಿಗೆ ದೊಡ್ಡ ನಿದರ್ಶನ 1989ರ ಜುಲೈ 19ರ, ಅಮೆರಿಕದ ಸೂ ಸಿಟಿ ಪ್ರಕರಣ. ಬಾಲದ ಎಂಜಿನ್ ಸಿಡಿದು ವಿಮಾನದ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಸತ್ತವು. ವಿಮಾನವನ್ನು ತಿರುಗಿಸುವ, ಏರಿಳಿಸುವ ಸಾಧನ ಯಾವುದೂ ಉಳಿಯಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಸಿಬ್ಬಂದಿಯೆಲ್ಲರ ಸಲಹೆ ಕೇಳಿದರು, ಪ್ರಯಾಣಿಕರಾಗಿ ಕುಳಿತಿದ್ದ ತರಬೇತುದಾರ ಪೈಲಟ್ ಒಬ್ಬರನ್ನು ಕರೆದು ಎಂಜಿನ್‌ಗಳ ಥ್ರಾಟಲ್ ಹಿಡಿಸಿದರು. ಎಂಜಿನ್‌ಗಳ ಬಲವನ್ನು ಹೆಚ್ಚು ಕಡಿಮೆ ಮಾಡುತ್ತಲೇ ರನ್‌ವೇ ತನಕ ತಂದರು. 296 ಜನರಲ್ಲಿ 184 ಜನ ಬದುಕಿದರು. ಇದು ಆ ತರಬೇತಿಯ ಫಲ ಎಂದು ಹೇನ್ಸ್ ತಮ್ಮ ಜೀವಮಾನವಿಡೀ ಹೇಳುತ್ತಿದ್ದರು.

ಮಂಗಳೂರಿನ ದುರಂತದಲ್ಲಿ ಏನಾಯಿತು?

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಟೇಬಲ್‌ಟಾಪ್ ರನ್‌ವೇ (ಗುಡ್ಡದ ನೆತ್ತಿಯ ಮೇಲಿನ ರನ್‌ವೇ) ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ 158 ಜನ ಸತ್ತರು. ಕರಾವಳಿಯ ಮತ್ತು ಕಾಸರಗೋಡಿನ ಎಷ್ಟೋ ಮನೆಗಳಿಗೆ ಆ ದಿನ ಇನ್ನೂ ಮುಗಿದಿಲ್ಲ.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆಯ ನಿರ್ಣಯ ಓದಿದರೆ ಎದೆ ಭಾರವಾಗುತ್ತದೆ. ಕ್ಯಾಪ್ಟನ್ ಪ್ರಯಾಣದ ಬಹುಭಾಗ ನಿದ್ದೆ ಮಾಡಿದ್ದರು, ಎದ್ದ ಮೇಲೂ ನಿದ್ದೆಯ ಮಂಪರು ಇದ್ದಿರಬಹುದು. ನಿಲ್ದಾಣದ ರೇಡಾರ್ ಕೆಟ್ಟಿದ್ದರಿಂದ ವಿಮಾನಕ್ಕೆ ಕೆಳಗಿಳಿಯುವ ಅನುಮತಿ ತಡವಾಗಿ ಸಿಕ್ಕಿತು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು, ಕ್ಯಾಪ್ಟನ್ ಅವಸರವಾಗಿ ಇಳಿಸಹೊರಟರು. ಸಹ ಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದರು, ಅಂದರೆ ಇಳಿಸಬೇಡಿ, ಮತ್ತೆ ಮೇಲೇರಿ ಎಂದು. ಯಂತ್ರವೂ ಎಚ್ಚರಿಕೆ ಕೊಡುತ್ತಲೇ ಇತ್ತು. ಕ್ಯಾಪ್ಟನ್ ಕೇಳಲಿಲ್ಲ. ಅಪಘಾತದ ನೇರ ಕಾರಣ ಇದೇ ಎಂದು ವರದಿ ಹೇಳುತ್ತದೆ.

ವರದಿಯಲ್ಲಿ ಇನ್ನೊಂದು ಸಾಲಿದೆ, ಅದರ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಬೇಕು. ಸಹ ಪೈಲಟ್ ತಾನೇ ನಿಯಂತ್ರಣ ತೆಗೆದುಕೊಂಡು ವಿಮಾನವನ್ನು ಮೇಲೇರಿಸಬಹುದೇ ಎಂಬ ಬಗ್ಗೆ ಇದ್ದ ಸೂಚನೆಗಳು ಗೊಂದಲಮಯವಾಗಿದ್ದವು, ಬಹುಶಃ ಆದ್ದರಿಂದಲೇ ಅವರು ಹೇಳಿದರೂ ಕೈ ಹಾಕಲಿಲ್ಲ ಎಂದು ವಿಚಾರಣಾ ಸಮಿತಿ ಗುರುತಿಸಿತು. ಆ ಕಿರಿಯ ಅಧಿಕಾರಿ ತಪ್ಪನ್ನು ಸರಿಯಾದ ಸಮಯಕ್ಕೆ ಕಂಡರು, ಮತ್ತೆ ಮತ್ತೆ ಹೇಳಿದರು. ಆ ಮಾತಿಗೆ ಬೆನ್ನೆಲುಬಾಗಬೇಕಿದ್ದ ನಿಯಮವೇ ಅಸ್ಪಷ್ಟವಾಗಿತ್ತು. ಟೀಕೆ ಮಾಡುವ ಸ್ವಾತಂತ್ರ್ಯ ಕೊಟ್ಟು, ಟೀಕೆಯನ್ನು ಕಾರ್ಯರೂಪಕ್ಕೆ ತರುವ ಅಧಿಕಾರ ಕೊಡದಿದ್ದರೆ ಹೀಗಾಗುತ್ತದೆ.

ಅದರಿಂದ ಪಾಠ ಕಲಿತೆವೇ?

ಪೂರ್ತಿ ಕಲಿಯಲಿಲ್ಲ. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನ ಟೇಬಲ್‌ಟಾಪ್ ರನ್‌ವೇಯಲ್ಲಿ, ಸುರಿಯುವ ಮಳೆಯಲ್ಲಿ, ದುಬೈನಿಂದಲೇ ಬಂದ ಅದೇ ಸಂಸ್ಥೆಯ ವಿಮಾನ ರನ್‌ವೇ ದಾಟಿ ಬಿದ್ದು ಇಬ್ಬರೂ ಪೈಲಟ್‌ಗಳು ಸೇರಿ 21 ಜನ ಸತ್ತರು. ‘ಗೋ ಅರೌಂಡ್’ ಎಂದು ಸಹ ಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಿದ್ದು, ಸಹ ಪೈಲಟ್ ನಿಯಂತ್ರಣ ತೆಗೆದುಕೊಳ್ಳದೆ ಹೋದದ್ದು ಕಾರಣ ಎಂದು ತನಿಖಾ ವರದಿ ಹೇಳಿತು. ಎಡವಿದ ಕಾಲೇ ಮತ್ತೆ ಎಡವಿತು. ವರದಿ ಬರೆದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಪ್ರತಿ ಹೊಸ ಸಹ ಪೈಲಟ್ ಸಿಮ್ಯುಲೇಟರ್‌ನಲ್ಲಿ ಕುಳಿತು, ಕ್ಯಾಪ್ಟನ್ ಕೈಯಿಂದ ನಿಯಂತ್ರಣ ತೆಗೆದುಕೊಳ್ಳುವುದನ್ನು ಮೈಗೂಡುವ ತನಕ ಅಭ್ಯಾಸ ಮಾಡಬೇಕು.

ಪ್ರತಿ ಪಾಠಕ್ಕೂ ಒಂದು ವಿಮಾನ ಬೀಳಲೇಬೇಕೇ?

ಬೇಕಿಲ್ಲ, ಆ ದಾರಿಯೂ ಒಂದು ದುರಂತದಿಂದಲೇ ತೆರೆಯಿತು. 1974ರ ಡಿಸೆಂಬರ್ 1ರಂದು ಅಮೆರಿಕದ ಟಿಡಬ್ಲ್ಯೂಎ ಕಂಪನಿಯ ವಿಮಾನವೊಂದು ವಾಷಿಂಗ್ಟನ್ ಸಮೀಪ ಇಳಿಯುವ ಮುನ್ನ ಬೆಟ್ಟಕ್ಕೆ ಬಡಿದು 92 ಜನರೂ ಸತ್ತರು. ನಿಯಂತ್ರಣ ಕೊಠಡಿಯ ಅನುಮತಿಯನ್ನು ಪೈಲಟ್‌ಗಳು ತಪ್ಪಾಗಿ ಅರ್ಥಮಾಡಿಕೊಂಡು ಬೇಗ ಕೆಳಗಿಳಿದಿದ್ದರು. ತನಿಖೆಯಲ್ಲಿ ಗೊತ್ತಾದದ್ದು: ಕೆಲವೇ ವಾರಗಳ ಹಿಂದೆ ಯುನೈಟೆಡ್ ಕಂಪನಿಯ ಪೈಲಟ್‌ಗಳು ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಪಾರಾಗಿದ್ದರು. ತಮ್ಮ ಕಂಪನಿಗೆ ತಿಳಿಸಿಯೂ ಇದ್ದರು. ಆ ಸುದ್ದಿ ಟಿಡಬ್ಲ್ಯೂಎ ಪೈಲಟ್‌ಗಳಿಗೆ ತಲುಪಲಿಲ್ಲ.

1976ರಲ್ಲಿ ಅಮೆರಿಕ ಒಂದು ಸ್ವಯಂಪ್ರೇರಿತ ವರದಿ ವ್ಯವಸ್ಥೆ ಆರಂಭಿಸಿತು. ಪೈಲಟ್, ಮೆಕ್ಯಾನಿಕ್, ನಿಯಂತ್ರಕ, ಯಾರು ಬೇಕಾದರೂ ತಾವು ಮಾಡಿದ ಅಥವಾ ಕಂಡ ತಪ್ಪನ್ನು ಬರೆದು ಕಳುಹಿಸಬಹುದು. ಇದನ್ನು ಶಿಕ್ಷಿಸುವ ಅಧಿಕಾರವಿರುವ ಇಲಾಖೆಗೆ ಕೊಡದೆ, ಆ ಅಧಿಕಾರವೇ ಇಲ್ಲದ ನಾಸಾ ಕೈಗೆ ಒಪ್ಪಿಸಿದ್ದು ಬಹಳ ವಿವೇಕದ ನಿರ್ಧಾರ. ಹೆಸರು, ಗುರುತುಗಳನ್ನು ತೆಗೆದುಹಾಕುತ್ತಾರೆ. ಉದ್ದೇಶಪೂರ್ವಕವಲ್ಲದ ತಪ್ಪನ್ನು ಹತ್ತು ದಿನಗಳೊಳಗೆ ತಿಳಿಸಿದ್ದರೆ ಸಾಮಾನ್ಯವಾಗಿ ದಂಡದಿಂದ ರಕ್ಷಣೆ ಸಿಗುತ್ತದೆ. ಇದುವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ವರದಿಗಳು ಬಂದಿವೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತೇವಲ್ಲ, ಇದು ಕೆಡುವ ಮೊದಲೇ ಬುದ್ಧಿ ತಂದುಕೊಳ್ಳುವ ಏರ್ಪಾಡು.

ಶಿಕ್ಷೆಯೇ ಇಲ್ಲದಿದ್ದರೆ ಬೇಜವಾಬ್ದಾರಿ ಹೆಚ್ಚುವುದಿಲ್ಲವೇ?

ಕುಡಿದು ವಿಮಾನ ಹಾರಿಸುವವನಿಗೆ, ದಾಖಲೆ ತಿದ್ದುವವನಿಗೆ ಯಾರೂ ರಕ್ಷಣೆ ಕೊಡುವುದಿಲ್ಲ. ಮೇಲೆ ಹೇಳಿದ ವ್ಯವಸ್ಥೆ ಕೂಡ ಅಪರಾಧಗಳನ್ನು ಹೊರಗಿಟ್ಟಿದೆ. ಪ್ರಾಮಾಣಿಕವಾಗಿ ತಪ್ಪಿದವನ ಮಾತು ಬೇರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1951ರಲ್ಲೇ ಅಪಘಾತ ತನಿಖೆಗೆಂದು ಪ್ರತ್ಯೇಕ ನಿಯಮಾವಳಿ ಅಂಗೀಕರಿಸಿತು. ತನಿಖೆಯ ಏಕೈಕ ಗುರಿ ಮುಂದಿನ ಅಪಘಾತ ತಡೆಯುವುದು, ದೋಷ ಹೊರಿಸುವುದಲ್ಲ ಎಂಬುದು ಅದರ ತತ್ವ.

ಟೆನೆರಿಫ್ ಪ್ರಕರಣವನ್ನೇ ನೋಡಿ. ಕ್ಯಾಪ್ಟನ್ ತಪ್ಪು ಎಂದು ಕಡತ ಮುಚ್ಚಬಹುದಿತ್ತು, ಅವರಂತೂ ಸತ್ತಿದ್ದರು. ಹಾಗೆ ಮಾಡಿದ್ದರೆ ರೇಡಿಯೊ ಭಾಷೆಯ ದೋಷ ಅಲ್ಲೇ ಉಳಿಯುತ್ತಿತ್ತು. ಅದನ್ನು ಕೆದಕಿದ್ದರಿಂದ ‘ಟೇಕಾಫ್’ ಎಂಬ ಪದವನ್ನು ನಿಜವಾಗಿ ಹೊರಡುವ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು ಎಂಬ ನಿಯಮ ಬಂತು.

ಇಷ್ಟೆಲ್ಲ ಇದ್ದೂ ಬೋಯಿಂಗ್ 737 ಮ್ಯಾಕ್ಸ್ ಏಕೆ ಬಿದ್ದಿತು?

ಟೀಕೆ ಬರುವ ಬಾಗಿಲುಗಳನ್ನು ಮುಚ್ಚಿದ್ದರಿಂದ. ವಿಮಾನದ ಮೂತಿಯನ್ನು ತಾನಾಗಿ ಕೆಳಗೊತ್ತುವ ಎಂಕ್ಯಾಸ್ ಎಂಬ ತಂತ್ರಾಂಶವನ್ನು ಒಂದೇ ಸಂವೇದಕದ ಮಾಹಿತಿಗೆ ಜೋಡಿಸಲಾಗಿತ್ತು. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. ಇದೆಯೆಂದೇ ಗೊತ್ತಿಲ್ಲದ ವಸ್ತುವನ್ನು ಪೈಲಟ್ ಹೇಗೆ ಪ್ರಶ್ನಿಸಬೇಕು? 2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದಲ್ಲಿ 189 ಜನ ಸತ್ತರು. ಅಷ್ಟಾದರೂ ವಿಮಾನಗಳನ್ನು ನೆಲಕ್ಕಿಳಿಸಲಿಲ್ಲ. 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಇನ್ನೂ 157 ಜನ ಹೋದರು. ಮೊದಲ ಅಪಘಾತಕ್ಕೆ ಕ್ಷಮೆ ಇರಬಹುದು, ಎರಡನೆಯದಕ್ಕೆ ಇಲ್ಲ ಎಂದು ನಾನು ಭಾವಿಸುತ್ತೇನೆ.

ಬೇರೆ ಕ್ಷೇತ್ರಗಳು ಇದರಿಂದ ಏನಾದರೂ ಪಡೆದಿವೆಯೇ?

ವೈದ್ಯಕೀಯ ಪಡೆದಿದೆ. 1935ರಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನವೊಂದು, ವಿಮಾನವನ್ನು ಏರಿಳಿಸುವ, ತಿರುಗಿಸುವ ಭಾಗಗಳ ಬೀಗ ತೆಗೆಯಲು ಮರೆತದ್ದರಿಂದ ಪರೀಕ್ಷಾ ಹಾರಾಟದಲ್ಲೇ ಬಿದ್ದಾಗ ಪೈಲಟ್‌ಗಳ ಚೆಕ್‌ಲಿಸ್ಟ್ ಹುಟ್ಟಿತು. ಅದೇ ಯೋಚನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸಾ ಕೊಠಡಿಗೆ ತಂದಿತು. ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಆ ಪಟ್ಟಿಯಲ್ಲಿ ಒಂದು ಅಂಶ ನನಗೆ ಬಹಳ ಇಷ್ಟ: ಕತ್ತಿ ಹಿಡಿಯುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು. ಒಮ್ಮೆ ಬಾಯಿ ತೆರೆದ ನರ್ಸ್, ಮುಂದೆ ಏನಾದರೂ ತಪ್ಪು ಕಂಡಾಗ ಇನ್ನೊಮ್ಮೆ ಬಾಯಿ ತೆರೆಯುವುದು ಸುಲಭವಾಗುತ್ತದೆ.

ಭಾರತದಲ್ಲಿ ಅಪಘಾತಗಳ ತನಿಖೆ ಯಾರು ಮಾಡುತ್ತಾರೆ?

2012ರಿಂದ ವಿಮಾನ ಅಪಘಾತ ತನಿಖಾ ಬ್ಯೂರೊ. ಅದಕ್ಕೆ ಮುಂಚೆ ನಿಯಮ ರೂಪಿಸುವ ನಿರ್ದೇಶನಾಲಯವೇ ಎಷ್ಟೋ ತನಿಖೆಗಳನ್ನೂ ನಡೆಸುತ್ತಿತ್ತು, ಅಂದರೆ ತನ್ನ ಲೋಪವನ್ನು ತಾನೇ ಹುಡುಕಬೇಕಿತ್ತು. ಬ್ಯೂರೊ ಬಂದದ್ದು ಒಳ್ಳೆಯ ಹೆಜ್ಜೆ. ಆದರೆ ಅದೂ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲೇ ಇದೆ. ಅಮೆರಿಕ ತನ್ನ ತನಿಖಾ ಮಂಡಳಿಯನ್ನು 1970ರ ದಶಕದಲ್ಲೇ ಸಾರಿಗೆ ಇಲಾಖೆಯಿಂದ ಪೂರ್ತಿ ಬೇರ್ಪಡಿಸಿತು. ನಾವೂ ಅಷ್ಟು ದೂರ ಹೋಗಬೇಕು. ಬ್ಯೂರೊ ತನ್ನ ಅಂತಿಮ ವರದಿಗಳನ್ನು ಸಾರ್ವಜನಿಕರಿಗೆ ಒದಗಿಸುತ್ತದೆ. ತಾಂತ್ರಿಕ ಅಧ್ಯಾಯಗಳು ಕಷ್ಟವೆನಿಸಿದರೆ ಕೊನೆಯಲ್ಲಿರುವ ನಿರ್ಣಯ ಮತ್ತು ಸುರಕ್ಷತಾ ಶಿಫಾರಸುಗಳನ್ನಾದರೂ ಓದಬಹುದು.

ನನ್ನ ವಿಮಾನ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಮತ್ತೆ ಮೇಲೇರಿತು. ಹೆದರಬೇಕಿತ್ತೇ?

ಹೆದರಬೇಕಾಗಿಲ್ಲ. ಗಾಳಿ ಬದಲಾಗಿರಬಹುದು, ರನ್‌ವೇ ಮೇಲೆ ಬೇರೆ ವಿಮಾನ ಇದ್ದಿರಬಹುದು, ಎತ್ತರ ಅಥವಾ ವೇಗ ಹೊಂದದೆ ಇದ್ದಿರಬಹುದು. ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ಬೇಡ ಎಂದಿದ್ದಾರೆ, ಇನ್ನೊಬ್ಬರು ಒಪ್ಪಿದ್ದಾರೆ. ಹತ್ತು ಹದಿನೈದು ನಿಮಿಷ ತಡವಾಗುತ್ತದೆ, ಒಂದಿಷ್ಟು ಇಂಧನ ಖರ್ಚಾಗುತ್ತದೆ. ಅದಕ್ಕೆಂದೇ ಹೆಚ್ಚುವರಿ ಇಂಧನ ತುಂಬಿರುತ್ತಾರೆ. ತಡವಾಯಿತೆಂದು ಇಳಿಯುವಾಗ ಸಿಬ್ಬಂದಿಯ ಮೇಲೆ ರೇಗುವ ಪ್ರಯಾಣಿಕರನ್ನು ಕಂಡರೆ ಈ ವಿಷಯವನ್ನು ಅವರಿಗೂ ತಿಳಿಸಿ.